ಜಾರುಮುಚ್ಚಳದ ಪೆಟ್ಟಿಗೆ ಮತ್ತು ಮರೆತುಹೋದ ಮೂರನೆಯ ಮಾತು

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿ ನಿಂತರು. ಅಂದು ಆರಂಭವಾದ ಅಪ್ಪಿಕೋ ಚಳವಳಿ ಮಲೆನಾಡಿಗೆ ಮೂರು ಮಾತುಗಳನ್ನು ಕೊಟ್ಟಿತು: ಉಳಿಸು, ಬೆಳೆಸು, ಬಳಸು. ಮೊದಲನೆಯದು ಸಭೆಗಳಲ್ಲಿ ಮೊಳಗುತ್ತದೆ. ಎರಡನೆಯದು ವನಮಹೋತ್ಸವದ ದಿನ ನೆನಪಾಗುತ್ತದೆ. ಮೂರನೆಯದನ್ನು ಪರಿಸರಪ್ರಿಯರೇ ಸಂಕೋಚದಿಂದ ಬದಿಗೆ ಸರಿಸಿದ್ದಾರೆ. ಅದರ ಪರಿಣಾಮವನ್ನು ಕಾಡಿಗಿಂತ ಮೊದಲು ಮನೆಯೊಳಗೆ ಕಾಣಬಹುದು. ಸಾಂಬಾರ ಪದಾರ್ಥಕ್ಕೆ, ಹೊಲಿಗೆ ಸಾಮಾನಿಗೆ, ಮಕ್ಕಳ ಪೆನ್ಸಿಲಿಗೆ ಪ್ಲಾಸ್ಟಿಕ್ ಡಬ್ಬಿ. ಅಂಗಳದಾಚೆ ಗಾಳಿಗೆ ಮುರಿದು ಬಿದ್ದ ಹಲಸಿನ ಕೊಂಬೆ ಮಾತ್ರ ಗೆದ್ದಲಿಗೆ ಆಹಾರ.

ಆ ಕೊಂಬೆಯಿಂದ ಒಂದು ಚಿಕ್ಕ ಪೆಟ್ಟಿಗೆಯನ್ನು ಮಾಡಲು ಬಡಗಿಯ ಪಾಂಡಿತ್ಯವೇನೂ ಬೇಡ. ಗರಗಸ, ಕೀಸುಳಿ, ಒಂದು ಸಪೂರ ಉಳಿ ಇದ್ದರೆ ಸಾಕು. ಹತ್ತು ಮಿಲಿಮೀಟರ್ ದಪ್ಪದ ಹಲಗೆಗಳನ್ನು ತೆಗೆದುಕೊಂಡು, ಎರಡು ಉದ್ದನೆಯ ಬದಿಗಳಿಗೂ ಹಿಂಬದಿಗೂ ಮೇಲಂಚಿನಿಂದ ನಾಲ್ಕು ಮಿಲಿಮೀಟರ್ ಕೆಳಗೆ, ನಾಲ್ಕು ಮಿಲಿಮೀಟರ್ ಅಗಲ ಮತ್ತು ಮೂರು ಮಿಲಿಮೀಟರ್ ಆಳದ ಜಾಡನ್ನು ಕೊರೆಯಬೇಕು. ಮುಂಬದಿಯ ಹಲಗೆಯನ್ನು ಜಾಡಿನ ತಳದ ಮಟ್ಟಕ್ಕೆ, ಅಂದರೆ ಎಂಟು ಮಿಲಿಮೀಟರ್ ಗಿಡ್ಡವಾಗಿ ಕತ್ತರಿಸಿದರೆ ಮುಚ್ಚಳ ಅದರ ಮೇಲಿಂದ ಒಳಗೆ ಸರಿಯುತ್ತದೆ. ಮುಚ್ಚಳದ ದಪ್ಪ ಆರು ಮಿಲಿಮೀಟರ್ ಇರಲಿ. ಮೂರು ಅಂಚುಗಳನ್ನು ಮಾತ್ರ ಮೇಲ್ಭಾಗದಿಂದ ಕೀಸಿ ಜಾಡಿಗೆ ಹೊಂದಿಸಬೇಕು. ಮೂಲೆಗಳಿಗೆ ಅಂಟು ಮತ್ತು ಬಿದಿರಿನ ಮೊಳೆ ಸಾಕು. ತಳದ ಹಲಗೆಯನ್ನೂ ಜಾಡಿನಲ್ಲಿ ಕೂರಿಸುವುದು ಒಳ್ಳೆಯದು, ಆದರೆ ಅದಕ್ಕೆ ಅಂಟು ಹಾಕಬಾರದು.

ಏಕೆ ಹಾಕಬಾರದು ಎಂಬ ಪ್ರಶ್ನೆಯಲ್ಲೇ ಮರದ ಸ್ವಭಾವ ಅಡಗಿದೆ. ಕಡಿದ ಮೇಲೂ ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಎಳೆಯ ಉದ್ದಕ್ಕೆ ಅದು ಹಿಗ್ಗುವುದು ನಗಣ್ಯ; ಅಡ್ಡಕ್ಕೆ ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಅದರಲ್ಲೂ ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಬದಲಾವಣೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಬೇಸಿಗೆಯ ಒಣಹವೆಯಿಂದ ಆಷಾಢದ ಜಡಿಮಳೆಗೆ ಹೋಗುವಷ್ಟರಲ್ಲಿ ಎಂಟು ಸೆಂಟಿಮೀಟರ್ ಅಗಲದ ಮುಚ್ಚಳ ಅರ್ಧದಿಂದ ಒಂದು ಮಿಲಿಮೀಟರಿನಷ್ಟು ಹಿಗ್ಗಬಹುದು. ಏಪ್ರಿಲಿನಲ್ಲಿ ಹೊಂದಿಕೊಂಡ ಮುಚ್ಚಳ ಜುಲೈಯಲ್ಲಿ ಕಚ್ಚಿಕೊಳ್ಳುವುದು ಇದರಿಂದಲೇ. ಬೇಸಿಗೆಯಲ್ಲಿ ಮಾಡುವವರು ಅಷ್ಟು ಜಾಗ ಬಿಡಬೇಕು. ಮಳೆಗಾಲದಲ್ಲಿ ಮಾಡುವವರು ಬಿಗಿಯಾಗಿಯೇ ಹೊಂದಿಸಬಹುದು. ಬೇಸಿಗೆಗೆ ಸಡಿಲವಾದರೂ ಮೂರು ಮಿಲಿಮೀಟರ್ ಆಳದ ಜಾಡಿನಿಂದ ಅದು ಕಳಚಿ ಬೀಳದು. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಆರ್ದ್ರತೆ ಎಂಬ ಪದವನ್ನು ಬಾಯಿಪಾಠ ಮಾಡುವ ಮಗುವಿಗೆ ಈ ಮುಚ್ಚಳಕ್ಕಿಂತ ಉತ್ತಮ ಪಾಠವಿಲ್ಲ.

ಕುಟ್ಟೆಹುಳುವಿನ ವಿಚಾರವೂ ಹೀಗೆಯೇ. ಅಮಾವಾಸ್ಯೆಯಂದು ಕಡಿದ ಮರಕ್ಕೆ, ಬಿದಿರಿಗೆ ಕುಟ್ಟೆ ಹಿಡಿಯದೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಹುಳು ಅರಸುವುದು ಮಾತ್ರ ಪಿಷ್ಟವನ್ನು, ತಿಥಿಯನ್ನಲ್ಲ. ಪಿಷ್ಟವಿರುವುದು ಹೊರಸುತ್ತಿನ ಬಿಳಿ ಮರದಲ್ಲಿ. ಬಿದಿರನ್ನು ಕೆರೆಯಲ್ಲಿ ನೆನೆಹಾಕುವ ಹಿರಿಯರ ಪದ್ಧತಿ ಅದಕ್ಕೇ ಫಲಕಾರಿ: ನೀರು ಆ ಆಹಾರವನ್ನು ತಗ್ಗಿಸುತ್ತದೆ. ಹಲಸಿನ ಹಳದಿ ಕೆಚ್ಚನ್ನಷ್ಟೇ ಬಳಸಿ, ಬಿಳಿಯನ್ನು ಒಲೆಗೆ ಬಿಟ್ಟರೆ ಪೆಟ್ಟಿಗೆ ಬಹುಕಾಲ ಬಾಳುತ್ತದೆ. ಬಿತ್ತನೆ ಬೀಜಕ್ಕೆ ಮಾತ್ರ ಈ ಪೆಟ್ಟಿಗೆಯನ್ನು ನೆಚ್ಚಬಾರದು; ಮರದ ಮೂಲಕ ಮಳೆಗಾಲದ ತೇವ ಬೀಜವನ್ನು ತಲುಪಿಯೇ ತಲುಪುತ್ತದೆ.

ಅಕೇಶಿಯಾದ ಬಗೆಗೂ ಒಂದು ಮಾತು ಸಲ್ಲುತ್ತದೆ. ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಈ ಮರವನ್ನು ಮಲೆನಾಡಿನ ಬೋಳುಗುಡ್ಡ, ಹುಲ್ಲುಗಾವಲುಗಳಿಗೆ ತಂದು ನೆಟ್ಟದ್ದನ್ನು ಸಮರ್ಥಿಸಲಾಗದು. ಆದರೆ ನೆಟ್ಟಾಗಿದೆ, ಬೆಳೆದೂ ಆಗಿದೆ. ನಿಧಾನವಾಗಿ ನೆರಳಿನಲ್ಲಿ ಒಣಗಿಸಿದರೆ ಅದರ ಕೆಚ್ಚು ಗಟ್ಟಿಯಾದ, ಚೆಲುವಾದ ಮರ. ಅವಸರಪಟ್ಟು ಬಿಸಿಲಿಗೊಡ್ಡಿದರೆ ಸೀಳುತ್ತದೆ. ಅದನ್ನು ಕಾಗದದ ತಿರುಳಿಗೂ ಸೌದೆಗೂ ಕಳುಹಿಸಿ, ಪೀಠೋಪಕರಣಕ್ಕೆ ಪ್ಲೈವುಡ್ ತರಿಸುವುದರಲ್ಲಿ ಯಾವ ಜಾಣತನವಿದೆ?

ಬಳಸು ಎಂದೊಡನೆ ಗುತ್ತಿಗೆದಾರರಿಗೆ ಬಾಗಿಲು ತೆರೆದಂತಾಗುತ್ತದೆ ಎಂಬ ಆತಂಕ ಸುಳ್ಳಲ್ಲ. ಮಲೆನಾಡು ಅದರ ಪೆಟ್ಟು ತಿಂದಿದೆ. ಆದರೆ ಬಳಕೆಯ ಹಕ್ಕಿಲ್ಲದ ಮರದ ಗತಿಯನ್ನೂ ನಾಡು ಕಂಡಿದೆ. ರೈತನ ಜಮೀನಿನಲ್ಲೇ ಬೆಳೆದ ಶ್ರೀಗಂಧವೂ 2001ರ ಕಾನೂನು ತಿದ್ದುಪಡಿಯವರೆಗೆ ಸರ್ಕಾರದ ಸ್ವತ್ತಾಗಿತ್ತು. ತಾನಾಗಿ ಹುಟ್ಟಿದ ಸಸಿಯನ್ನು ಕಾಪಾಡಿಕೊಂಡು ತೊಂದರೆಯನ್ನು ಮೈಮೇಲೆ ಎಳೆದುಕೊಳ್ಳಲು ಯಾರು ತಾನೇ ಮುಂದಾಗುತ್ತಾರೆ? ಸಾಗರ, ಸೊರಬ, ಶಿರಸಿಗಳ ಗುಡಿಗಾರರ ಉಳಿಗೆ ಗಂಧದ ಕೊರಡು ದುರ್ಲಭವಾದದ್ದರಲ್ಲಿ ಕಳ್ಳರ ಪಾಲಿನೊಂದಿಗೆ ಈ ನೀತಿಯ ಪಾಲೂ ಇದೆ. ಗೆರೆಯನ್ನು ಕಾಡಿನ ಅಂಚಿನಲ್ಲಿ ಎಳೆಯಬೇಕೇ ಹೊರತು ಮನೆಯ ಹೊಸ್ತಿಲಲ್ಲಲ್ಲ. ಕಾಡಿನ ಬೀಟೆಗೆ, ಹೊನ್ನೆಗೆ ಕೈ ಹಚ್ಚಬೇಕಿಲ್ಲ. ತೋಟದ ಹಲಸು, ಕಾಫಿ ತೋಟದ ಸಿಲ್ವರ್ ಓಕ್, ಗಾಳಿಗೆ ಬಿದ್ದ ಕೊಂಬೆ ಇಷ್ಟರಲ್ಲೇ ಒಂದು ಊರಿನ ಪೆಟ್ಟಿಗೆಗಳೆಲ್ಲ ಆಗುತ್ತವೆ. ಮರವನ್ನು ಊರಿಂದೂರಿಗೆ ಸಾಗಿಸುವ ಮುನ್ನ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಊರಿನಲ್ಲಿ ಉಳಿದಿರುವ ಆಚಾರಿಗಳನ್ನು ಶಾಲೆಗೆ ಕರೆಸಿ, ತಕ್ಕ ಸಂಭಾವನೆ ಕೊಟ್ಟು, ಮಕ್ಕಳ ಕೈಗೆ ಕೀಸುಳಿ ಕೊಡಿಸುವ ಕೆಲಸವನ್ನು ಗ್ರಾಮ ಅರಣ್ಯ ಸಮಿತಿಗಳೂ ಶಾಲಾಭಿವೃದ್ಧಿ ಸಮಿತಿಗಳೂ ಕೈಗೊಳ್ಳಬಹುದು. ಗೌರವಕ್ಕೆ ಶಾಲು ಹೊದಿಸಿ ಕಳುಹಿಸಿದರೆ ಸಾಲದು, ಅದು ದುಡಿಮೆ. ಈ ಮುಂಗಾರಿನಲ್ಲಿ ಬೀಳುವ ಕೊಂಬೆಯನ್ನು ಹಲಗೆಯಾಗಿ ಸೀಳಿಸಿ, ನಡುನಡುವೆ ಸಣ್ಣ ಕಡ್ಡಿಗಳನ್ನಿಟ್ಟು ಗಾಳಿಯಾಡುವಂತೆ ಅಟ್ಟದ ಮೇಲೆ ಪೇರಿಸಿದರೆ, ಬೇಸಿಗೆ ರಜೆಯ ಹೊತ್ತಿಗೆ ಮರ ಒಣಗಿರುತ್ತದೆ.