ಮಠದ ಕಾಲೇಜಿಗೆ, ಚರ್ಚ್ ಕಾಲೇಜಿಗೆ ನಮ್ಮ ತೆರಿಗೆ ದುಡ್ಡು: ಷರತ್ತು ಏನಿದೆ ಗೊತ್ತಾ?

‘ನಾವು ಕಟ್ಟೋ ಟ್ಯಾಕ್ಸು ಮಠದ ಕಾಲೇಜಿಗೆ, ಚರ್ಚ್ ಕಾಲೇಜಿಗೆ ಯಾಕೆ ಹೋಗ್ಬೇಕು?’ ಅಂಗಡಿ ಕಟ್ಟೆಯಲ್ಲಿ ಆಗಾಗ ಕೇಳಿಬರುವ ಮಾತಿದು. ಪ್ರಶ್ನೆ ತಪ್ಪಲ್ಲ. ಆದರೆ ಆ ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನೋದನ್ನ ಮೊದಲು ನೋಡಬೇಕು.

ಅನುದಾನಿತ ಕಾಲೇಜು ಅಂದರೆ ಜಾಗ, ಕಟ್ಟಡ, ಆಡಳಿತ ಸಂಸ್ಥೆಯದ್ದು. ಮಂಜೂರಾದ ಹುದ್ದೆಯಲ್ಲಿರುವ ಉಪನ್ಯಾಸಕರ ಸಂಬಳ ಸರ್ಕಾರದ್ದು. ಅನುದಾನದ ದೊಡ್ಡ ಪಾಲು ಹೋಗುವುದು ಈ ಸಂಬಳಕ್ಕೇ, ಪೂಜೆ–ಪ್ರಾರ್ಥನೆಗಲ್ಲ. ಸರ್ಕಾರಿ ಕಾಲೇಜು ಇಲ್ಲದ ಕಾಲದಲ್ಲಿ ರಾಜ್ಯದ ಎಷ್ಟೋ ಊರುಗಳ ಮಕ್ಕಳಿಗೆ ಓದು ಸಿಕ್ಕಿದ್ದು ಮಠ, ಮಿಷನ್, ಸಮುದಾಯದ ಸಂಘಗಳಿಂದಲೇ.

ಧರ್ಮ ಮತ್ತು ಸರ್ಕಾರದ ನಡುವೆ ನಮ್ಮ ಸಂವಿಧಾನ ಪೂರ್ತಿ ಗೋಡೆ ಕಟ್ಟಿಲ್ಲ. ದುಡ್ಡು ಕೊಡಬಹುದು, ಆದರೆ ಷರತ್ತಿದೆ. 28ನೇ ವಿಧಿಯ ಪ್ರಕಾರ ಅನುದಾನ ಪಡೆಯುವ ಕಾಲೇಜು ಧರ್ಮಬೋಧನೆಗೆ, ಧಾರ್ಮಿಕ ಪ್ರಾರ್ಥನೆಗೆ ಯಾರನ್ನೂ ಬಲವಂತ ಮಾಡುವಂತಿಲ್ಲ. ವಿದ್ಯಾರ್ಥಿ ಅಪ್ರಾಪ್ತನಾಗಿದ್ದರೆ ಪೋಷಕರು ಒಪ್ಪಬೇಕು. 29ನೇ ವಿಧಿ ಪ್ರಕಾರ ಧರ್ಮ, ಜಾತಿ, ಭಾಷೆಯ ಕಾರಣಕ್ಕೇ ಸೀಟು ನಿರಾಕರಿಸುವಂತಿಲ್ಲ. ಅಲ್ಪಸಂಖ್ಯಾತರ ಕಾಲೇಜು ಅನ್ನೋ ಕಾರಣಕ್ಕೆ ಅನುದಾನದಲ್ಲಿ ತಾರತಮ್ಯ ಮಾಡಬಾರದು ಅನ್ನುತ್ತದೆ 30ನೇ ವಿಧಿ.

ಹಾಗಂತ ಅಲ್ಪಸಂಖ್ಯಾತ ಸಂಸ್ಥೆಗಳಿಗೂ ಪೂರ್ತಿ ಸ್ವಾತಂತ್ರ್ಯ ಇಲ್ಲ. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಇದನ್ನ ಸ್ಪಷ್ಟಪಡಿಸಿತು: ಅನುದಾನ ಪಡೆದರೆ ತಮ್ಮ ಸಮುದಾಯದವರಿಗೆ ಆದ್ಯತೆ ಕೊಡಬಹುದು, ಆದರೆ ಬೇರೆಯವರಿಗೂ ತಕ್ಕಮಟ್ಟಿಗೆ ಸೀಟು ಕೊಡಲೇಬೇಕು.

ಹಾಗಾಗಿ ಮಠಕ್ಕೆ ಯಾಕೆ, ಚರ್ಚಿಗೆ ಯಾಕೆ ಅನ್ನೋ ಜಗಳದಿಂದ ಉಪಯೋಗ ಇಲ್ಲ. ಸಂಬಳ ಸರ್ಕಾರದ್ದಾದ ಮೇಲೆ ಷರತ್ತು ಪಾಲನೆ ಆಗ್ತಿದೆಯಾ ಅಂತ ಕೇಳಬೇಕು. ಎಲ್ಲ ಸಂಸ್ಥೆಗಳಿಗೂ ಅದೇ ಪ್ರಶ್ನೆ ಕೇಳಬೇಕು. ನಮ್ಮ ಜಾತಿಯ ಕಾಲೇಜಾದರೆ ಸುಮ್ಮನಿದ್ದು, ಬೇರೆಯವರದ್ದಾದರೆ ಗಲಾಟೆ ಮಾಡಿದರೆ ನ್ಯಾಯ ಆಗಲ್ಲ.

ಪೋಷಕರು ಅಡ್ಮಿಷನ್‌ಗೆ ಹೋದಾಗ ಒಂದು ವಿಷಯ ಕೇಳಿಯೇ ಬರಬೇಕು: ಈ ಕೋರ್ಸು ಅನುದಾನಿತವೋ, ಅಲ್ಲವೋ? ಒಂದೇ ಕಾಂಪೌಂಡಿನಲ್ಲಿ ಎರಡೂ ಇರುತ್ತವೆ, ಫೀಸಿನಲ್ಲೂ ವ್ಯತ್ಯಾಸ ಇರುತ್ತದೆ. ಯಾವ ಕಾಲೇಜಿಗೆ ಎಷ್ಟು ಅನುದಾನ ಹೋಯಿತು ಅನ್ನೋದು ತಿಳಿಯಬೇಕಾದರೆ ಇಲಾಖೆಗೆ 10 ರೂಪಾಯಿ ಶುಲ್ಕದ ಆರ್‌ಟಿಐ ಅರ್ಜಿ ಹಾಕಬಹುದು. ದುಡ್ಡು ಜನರದ್ದು, ಲೆಕ್ಕ ಕೇಳೋ ಹಕ್ಕೂ ಜನರದ್ದೇ.