ಮೂಕಜೀವಿಯ ಅನ್ನವೂ ಶುದ್ಧವಾಗಿರಲಿ

ಲಿಂಗಾಯತ ಗೃಹಸ್ಥನ ಮನೆಯಲ್ಲಿ ಅನ್ನಕ್ಕೆ ಸಲ್ಲುವ ಗೌರವ ಹಿರಿದಾದುದು. ಒಲೆಯ ಮೇಲಿಂದ ಇಳಿದುದು ಪದಾರ್ಥ. ಇಷ್ಟಲಿಂಗಕ್ಕೆ ಅರ್ಪಿತವಾದ ಬಳಿಕ ಅದು ಪ್ರಸಾದ. ಅರ್ಪಣೆಗೆ ಅರ್ಹವಾಗಬೇಕಾದರೆ ಪದಾರ್ಥವು ಮೊದಲು ಶುದ್ಧವಾಗಿರಬೇಕು, ಸತ್ಯಶುದ್ಧ ಕಾಯಕದಿಂದ ಬಂದುದಾಗಿರಬೇಕು. ಈ ವಿವೇಕವನ್ನು ನಾವು ನಮ್ಮ ಎಡೆಗೆ ಮಾತ್ರ ಮೀಸಲಿರಿಸಿ, ಹೊಸ್ತಿಲಾಚೆ ಕಾದು ಕುಳಿತ ನಾಯಿಯ ತಟ್ಟೆಗೆ ಬೇರೊಂದು ನೀತಿಯನ್ನು ಅನುಸರಿಸುತ್ತಿಲ್ಲವೇ? ಈ ತಿಂಗಳು ಸದ್ಭಕ್ತರ ಮುಂದಿಡಬಯಸುವ ಪ್ರಶ್ನೆ ಇದು.

ಹಿಂದೆ ನಮ್ಮ ಮನೆಗಳ ನಾಯಿಗಳು ರೊಟ್ಟಿಯ ಚೂರು, ಅಂಬಲಿ, ಮಜ್ಜಿಗೆ ಅನ್ನಗಳಿಂದ ಬದುಕುತ್ತಿದ್ದವು. ಇಂದು ನಗರಗಳ ಮನೆಗಳಲ್ಲಿಯೂ, ಅಮೆರಿಕ ಕೆನಡಾಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮನೆಗಳಲ್ಲಿಯೂ ನಾಯಿಯ ಆಹಾರ ಕಾರ್ಖಾನೆಯಿಂದ ಪೊಟ್ಟಣದಲ್ಲಿ ಬರುತ್ತದೆ. ಕೆಲವೊಮ್ಮೆ ಅದೇ ಕಾರ್ಖಾನೆಯವರು, "ನಮ್ಮ ಆಹಾರದಲ್ಲಿ ದೋಷವಿದೆ, ಅದನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ" ಎಂದು ಪ್ರಕಟಿಸುವ ಪ್ರಸಂಗವೂ ಒದಗುತ್ತದೆ. ಆಗ ಗೃಹಸ್ಥನ ಕರ್ತವ್ಯವೇನು? ಇದನ್ನು ತಿಳಿಯಲು ನಡೆದುಹೋದ ಕೆಲವು ಸಂಗತಿಗಳನ್ನು ಪರಾಮರ್ಶಿಸುವುದು ಒಳಿತು.

2007ರ ಮಾರ್ಚ್ 16ರಂದು ಕೆನಡಾದ ಮೆನು ಫುಡ್ಸ್ ಎಂಬ ಸಂಸ್ಥೆಯು ತಾನು ತಯಾರಿಸಿದ ನಾಯಿ ಬೆಕ್ಕುಗಳ ಆಹಾರದ ಸುಮಾರು 6 ಕೋಟಿ ಡಬ್ಬಿ ಮತ್ತು ಪೊಟ್ಟಣಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿಕೊಂಡಿತು. ಅದನ್ನು ತಿಂದ ಪ್ರಾಣಿಗಳ ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತಿದ್ದವು. ಆ ಒಂದೇ ಸಂಸ್ಥೆಯ ತಯಾರಿಕೆಯು ನೂರರ ಸಮೀಪದಷ್ಟು ಬೇರೆ ಬೇರೆ ಹೆಸರುಗಳಲ್ಲಿ ಮಾರಾಟವಾಗುತ್ತಿತ್ತು. ಅಗ್ಗದ ಹೆಸರಿನದನ್ನು ಕೊಂಡವನೂ ದುಬಾರಿ ಹೆಸರಿನದನ್ನು ಕೊಂಡವನೂ ಒಂದೇ ಕಡಾಯಿಯ ಪದಾರ್ಥವನ್ನು ಮನೆಗೆ ಒಯ್ದಿದ್ದರು. ಹೊರಗಿನ ಹೆಸರು ಒಳಗಿನ ವಸ್ತುವಿಗೆ ಸಾಕ್ಷಿಯಾಗಲಾರದೆಂಬುದು ಮೊದಲ ಪಾಠ.

ದೋಷ ಎಲ್ಲಿತ್ತು? ಆಹಾರವನ್ನು ಮಂದಗೊಳಿಸಲು ಬೆರೆಸುವ ಗ್ಲುಟೆನ್ ಎಂಬ ಗೋಧಿಯ ಅಂಟುಸಾರವು ಚೀನಾ ದೇಶದಿಂದ ಬಂದಿತ್ತು. ಪರೀಕ್ಷಿಸಿದಾಗ ಅದು ಗ್ಲುಟೆನ್ ಆಗಿರದೆ ಬರಿಯ ಗೋಧಿಹಿಟ್ಟಾಗಿದ್ದುದೂ, ಅದಕ್ಕೆ ಮೆಲಮೈನ್ ಬೆರೆತಿದ್ದುದೂ ಬೆಳಕಿಗೆ ಬಂದವು. ಊಟದ ತಟ್ಟೆಗಳನ್ನು ತಯಾರಿಸುವ ರಾಳಕ್ಕೆ ಬಳಸುವ ಮೆಲಮೈನ್ ಆಹಾರಕ್ಕೆ ಏಕೆ ಬಂತೆಂಬುದನ್ನು ತಿಳಿದರೆ ಮನುಷ್ಯಬುದ್ಧಿಯ ವಕ್ರತೆ ಅರಿವಾಗುತ್ತದೆ. ಆಹಾರದಲ್ಲಿ ಪ್ರೋಟೀನು ಎಷ್ಟಿದೆಯೆಂಬುದನ್ನು ಪ್ರಯೋಗಶಾಲೆಗಳು ಬಹುಮಟ್ಟಿಗೆ ನೇರವಾಗಿ ಅಳೆಯುವುದಿಲ್ಲ. ಅದರಲ್ಲಿರುವ ಸಾರಜನಕವನ್ನು ಅಳೆದು, 6.25ರಿಂದ ಗುಣಿಸಿ ಪ್ರೋಟೀನಿನ ಲೆಕ್ಕ ಕಟ್ಟುತ್ತವೆ. ಪ್ರೋಟೀನಿನಲ್ಲಿ ಸಾರಜನಕ ಶೇಕಡಾ 16ರಷ್ಟು. ಮೆಲಮೈನಿನಲ್ಲಿ ಶೇಕಡಾ 66ಕ್ಕೂ ಹೆಚ್ಚು. ಆದುದರಿಂದ ಒಂದು ಕಿಲೋ ಮೆಲಮೈನ್ ಆ ಲೆಕ್ಕದಲ್ಲಿ ನಾಲ್ಕು ಕಿಲೋಗೂ ಮೀರಿದ ಪ್ರೋಟೀನಿನಂತೆ ತೋರುತ್ತದೆ. ಕಾಗದದ ಮೇಲೆ ಸತ್ವ ಹೆಚ್ಚಿತು. ತಟ್ಟೆಯಲ್ಲಿ ವಿಷ ಸೇರಿತು. ಜೊತೆಗೆ ಸಯನ್ಯೂರಿಕ್ ಆಮ್ಲವೆಂಬ ಇನ್ನೊಂದು ವಸ್ತುವೂ ಇತ್ತು. ಬಿಡಿಬಿಡಿಯಾಗಿ ಅಷ್ಟೊಂದು ಮಾರಕವಲ್ಲದ ಇವೆರಡೂ ಮೂತ್ರಪಿಂಡದಲ್ಲಿ ಕೂಡಿ ನೀರಿನಲ್ಲಿ ಕರಗದ ಹರಳುಗಳಾಗಿ, ಸೂಕ್ಷ್ಮನಾಳಗಳನ್ನು ಮುಚ್ಚಿಬಿಟ್ಟವು. ಆ ಸರಕನ್ನು ಆಮದು ಮಾಡಿಕೊಂಡ ಅಮೆರಿಕದ ಕೆಮ್‌ನ್ಯೂಟ್ರಾ ಸಂಸ್ಥೆಯು 2009ರಲ್ಲಿ ನ್ಯಾಯಾಲಯದ ಮುಂದೆ ತಪ್ಪನ್ನು ಒಪ್ಪಿಕೊಂಡಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಮರುವರ್ಷವೇ, 2008ರಲ್ಲಿ, ಅದೇ ಮೆಲಮೈನ್ ಚೀನಾದ ಹಸುಗೂಸುಗಳ ಹಾಲಿನ ಪುಡಿಯಲ್ಲಿ ಕಾಣಿಸಿಕೊಂಡಿತು. ನೀರು ಬೆರೆಸಿದ ಹಾಲನ್ನು ಗಟ್ಟಿಯೆಂದು ತೋರಿಸಲು ಅದೇ ಲೆಕ್ಕದ ಮೋಸವನ್ನು ಬಳಸಲಾಗಿತ್ತು. ಸುಮಾರು 3 ಲಕ್ಷ ಮಕ್ಕಳು ಅಸ್ವಸ್ಥರಾದರು. 6 ಕಂದಮ್ಮಗಳು ತೀರಿಕೊಂಡರೆಂದು ಅಲ್ಲಿಯ ಸರ್ಕಾರವೇ ಒಪ್ಪಿಕೊಂಡಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರವು ಚೀನಾದ ಹಾಲು ಮತ್ತು ಹಾಲಿನ ಉತ್ಪನ್ನಗಳ ಆಮದನ್ನು ನಿಷೇಧಿಸಿತು. ನಾಯಿಯ ಬಟ್ಟಲಿನಲ್ಲಿ ಕಂಡ ವಂಚನೆಯನ್ನು "ನಾಯಿಯದು ತಾನೇ" ಎಂದು ಹಗುರಾಗಿ ಕಾಣುವ ಲೋಕದಲ್ಲಿ, ಅದು ತೊಟ್ಟಿಲ ಬಳಿಗೆ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. ಮೂಕಜೀವಿಯ ಅನ್ನಕ್ಕೂ ಮನುಷ್ಯನ ಅನ್ನಕ್ಕೂ ನಡುವೆ ನಾವು ಕಟ್ಟಿಕೊಂಡ ಗೋಡೆ ಅಷ್ಟು ತೆಳುವಾದುದು.

ಇದು ವಂಚನೆಯ ಮಾತಾಯಿತು. ಅಲಕ್ಷ್ಯದಿಂದ ಬರುವ ವಿಷ ಇನ್ನೊಂದಿದೆ. ಅದು ನಮ್ಮ ಮನೆಗಳಿಗೆ ಇನ್ನೂ ಹತ್ತಿರದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಶೋಧಿಸಿದಾಗ ಅವುಗಳಿಗೆ ಹಾಕಿದ ಶೇಂಗಾ ಹಿಂಡಿಗೆ ಬೂಷ್ಟು ಹಿಡಿದಿದ್ದುದು ತಿಳಿಯಿತು. ಆ ಬೂಷ್ಟು ಉತ್ಪಾದಿಸುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಅದು ಯಕೃತ್ತನ್ನು ಕೆಡಿಸುತ್ತದೆ. ಅಮೆರಿಕದಲ್ಲಿ 2005ರ ಡಿಸೆಂಬರಿನಲ್ಲಿಯೂ, ಮತ್ತೆ 2020ರ ಡಿಸೆಂಬರಿನಲ್ಲಿಯೂ ನಾಯಿಗಳ ಆಹಾರವನ್ನು ಹಿಂದಕ್ಕೆ ಪಡೆಯಬೇಕಾಗಿ ಬಂದದ್ದು ಈ ವಿಷದ ದೆಸೆಯಿಂದಲೇ. ಎರಡು ಸಲವೂ ನೂರಕ್ಕೂ ಹೆಚ್ಚು ನಾಯಿಗಳು ಸತ್ತವು. ನಾಯಿ ಬೆಕ್ಕುಗಳ ಆಹಾರದಲ್ಲಿ ಈ ವಿಷಕ್ಕೆ ಅಲ್ಲಿಯ ಸರ್ಕಾರ ಗೊತ್ತುಪಡಿಸಿದ ಮಿತಿಯೆಂದರೆ ಒಂದು ಟನ್ ಆಹಾರಕ್ಕೆ 20 ಮಿಲಿಗ್ರಾಂ. ಇಷ್ಟು ಅಲ್ಪವಾದುದನ್ನು ಕಣ್ಣು ಕಾಣದು, ನಾಲಗೆ ಅರಿಯದು. ಕುದಿಸಿದರೂ ಸುಟ್ಟರೂ ಅದು ಪೂರ್ತಿಯಾಗಿ ನಾಶವಾಗುವುದಿಲ್ಲ.

ಈಗ ನಮ್ಮ ಅಡುಗೆಮನೆಯ ಕಡೆಗೆ ತಿರುಗೋಣ. ಬುಟ್ಟಿಯ ತಳದಲ್ಲಿ ಬೂಷ್ಟು ಹಿಡಿದ ರೊಟ್ಟಿ, ಮಳೆಗೆ ತೊಯ್ದು ಮುಗ್ಗಲು ವಾಸನೆ ಬಂದ ಶೇಂಗಾ, ಕಪ್ಪಿಟ್ಟ ಮೆಕ್ಕೆಜೋಳ ಇವುಗಳನ್ನು ಕಂಡಾಗ ನಮ್ಮ ಬಾಯಿಂದ ಸಹಜವಾಗಿ ಬರುವ ಮಾತು ಯಾವುದು? "ನಾಯಿಗೆ ಹಾಕು." ಎಸೆಯುವುದಕ್ಕಿಂತ ಒಂದು ಜೀವಕ್ಕೆ ಉಣಿಸುವುದು ಪುಣ್ಯವೆಂಬ ಭಾವನೆಯೂ ಅದರಲ್ಲಿ ಬೆರೆತಿರುತ್ತದೆ. ಭಾವನೆ ಒಳ್ಳೆಯದಿರಬಹುದು, ಆದರೆ ಕೆಟ್ಟುದನ್ನು ಕೊಟ್ಟರೆ ಅದು ದಾಸೋಹವೆನಿಸದು. ನಮಗೆ ವಿಷವಾದುದು ಅದಕ್ಕೂ ವಿಷವೇ. ಮೂಕಪ್ರಾಣಿಯು ಪೊಟ್ಟಣದ ಮೇಲಿನ ಬರಹವನ್ನು ಓದಲಾರದು, ರುಚಿ ಕೆಟ್ಟಿದೆಯೆಂದು ದೂರಲಾರದು; ಯಜಮಾನನ ಕೈಯನ್ನು ನಂಬಿ ತಿನ್ನುತ್ತದೆ. ಸಕಲ ಜೀವಿಗಳಲ್ಲಿ ದಯೆಯನ್ನು ಧರ್ಮದ ನೆಲೆಗಟ್ಟಾಗಿಸಿದ ಬಸವಣ್ಣನವರ ಅನುಯಾಯಿಗಳಾದ ನಮಗೆ ಆ ನಂಬಿಕೆಯನ್ನು ಕಾಯುವ ಹೊಣೆಯಿದೆ.

ದಯೆಗೆ ವಿಚಾರ ಜೊತೆಯಾಗಬೇಕು. ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ನಮ್ಮ ಮನೆಗಳಲ್ಲಿ ಎಳೆಯ ಮಕ್ಕಳಿಗೂ ಗೊತ್ತು. ಪತಿ ಮಾರಯ್ಯನವರು ದಿನದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಆ ಶರಣೆ ಅದನ್ನು ಹಿಂದಕ್ಕೆ ಕಳುಹಿಸಿದರು. ಅದನ್ನು ನಾವು ಅತಿಯಾಸೆಯ ನಿರಾಕರಣೆಯೆಂದು ಹೇಳಿಕೊಂಡು ಬಂದಿದ್ದೇವೆ, ಅದು ಸರಿಯೇ. ಅಷ್ಟೇ ಮುಖ್ಯವಾದ ಇನ್ನೊಂದು ಅಂಶವೂ ಅಲ್ಲಿದೆ. ಮನೆಗೆ ಬಂದ ಧಾನ್ಯವನ್ನು ಒಲೆಗೇರಿಸುವ ಮೊದಲು, ಇದು ಎಲ್ಲಿಂದ ಬಂತು, ಹೇಗೆ ಬಂತು ಎಂದು ವಿಚಾರಿಸಿದ ಗೃಹಿಣಿ ಆಕೆ. ಇಂದಿನ ಪೊಟ್ಟಣದ ಕಾಲದಲ್ಲಿ ನಮಗೆ ಬೇಕಾದುದು ಆ ವಿಚಾರಬುದ್ಧಿಯೇ.

ಆಚರಣೆಗೆ ತರಬೇಕಾದ ಕೆಲವು ಮಾತುಗಳು. ನಾಯಿಯ ಆಹಾರವನ್ನು ಡಬ್ಬಿಗೆ ಸುರಿದ ಮೇಲೆ ಪೊಟ್ಟಣವನ್ನು ಬಿಸಾಡಬಾರದು. ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕಗಳು ಅದರ ಮೇಲಿರುತ್ತವೆ. ಆಹಾರವನ್ನು ಹಿಂಪಡೆಯುವ ಪ್ರಕಟಣೆಯಲ್ಲಿ ನೋಡಬೇಕಾದುದು ಆ ಸಂಖ್ಯೆಯನ್ನೇ. ಸಂಖ್ಯೆ ಹೊಂದಿದರೆ ಅದೇ ಹೊತ್ತಿಗೆ ಆ ಆಹಾರವನ್ನು ನಿಲ್ಲಿಸಬೇಕು. ಮಿಕ್ಕುದನ್ನು ಬೀದಿನಾಯಿಗಳಿಗಾಗಲಿ ದನಗಳಿಗಾಗಲಿ ಹಾಕಬಾರದು. ಒಂದಿಷ್ಟನ್ನು ಪೊಟ್ಟಣದೊಡನೆ ತೆಗೆದಿಟ್ಟರೆ ಪರೀಕ್ಷೆಗೆ ಒದಗುತ್ತದೆ. ನಾಯಿ ಊಟ ಬಿಟ್ಟರೆ, ಪದೇ ಪದೇ ವಾಂತಿ ಮಾಡಿದರೆ, ಮಂಕಾಗಿ ಮಲಗಿದರೆ, ಅತಿಯಾಗಿ ನೀರು ಕುಡಿದು ಅತಿಯಾಗಿ ಮೂತ್ರ ಮಾಡಿದರೆ, ಒಸಡು ಮತ್ತು ಕಣ್ಣಿನ ಬಿಳಿಭಾಗ ಹಳದಿಯಾದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ನಮ್ಮ ದೇಶದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯು ಪಶು ಆಹಾರವನ್ನು "ಆಹಾರ"ವೆಂಬ ಪದದ ವ್ಯಾಖ್ಯೆಯಿಂದ ಹೊರಗಿರಿಸಿದೆ. ಮನುಷ್ಯರ ಆಹಾರವನ್ನು ಹಿಂಪಡೆಯಲು ಆ ಕಾಯ್ದೆಯಲ್ಲಿರುವ ಕ್ರಮ ನಾಯಿಯ ಆಹಾರಕ್ಕೆ ಅನ್ವಯಿಸದು. ಗೃಹಸ್ಥನ ಎಚ್ಚರ ಹೆಚ್ಚಬೇಕಾದುದಕ್ಕೆ ಇದೂ ಒಂದು ಕಾರಣ.

ಪೊಟ್ಟಣದ ಆಹಾರ ನಿಂತಾಗ ಏನನ್ನು ಉಣಿಸಬೇಕು? ಎರಡು ಮೂರು ದಿನಗಳ ಮಟ್ಟಿಗೆ ಉಪ್ಪು, ಖಾರ, ಒಗ್ಗರಣೆ ಇಲ್ಲದ ಮೆತ್ತನೆಯ ಅನ್ನ, ಚೆನ್ನಾಗಿ ಬೆಂದ ಹೆಸರುಬೇಳೆ, ಬೇಯಿಸಿದ ಕುಂಬಳ ಅಥವಾ ಗಜ್ಜರಿ, ಒಗ್ಗಿದ ನಾಯಿಯಾದರೆ ಸ್ವಲ್ಪ ಮೊಸರು ಸಾಕು. ನಮ್ಮ ಸಾರು ಪಲ್ಯಗಳನ್ನು ಕಲಸಿ ಹಾಕಬಾರದು. ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿಯೂ ಒಣದ್ರಾಕ್ಷಿಯೂ ಅದರ ಮೂತ್ರಪಿಂಡಕ್ಕೆ ಅಪಾಯಕಾರಿ. ವಿಜಯಪುರದ ಕಡೆಯ ಮನೆಗಳಲ್ಲಿ ಇದನ್ನು ವಿಶೇಷವಾಗಿ ನೆನಪಿಡಬೇಕು. ಚಾಕೊಲೇಟ್ ಮತ್ತು ಸಕ್ಕರೆಗೆ ಬದಲಾಗಿ ಕ್ಸೈಲಿಟಾಲ್ ಬೆರೆಸಿದ ತಿನಿಸುಗಳೂ ವರ್ಜ್ಯ. ಹೊಸ ಪೊಟ್ಟಣಕ್ಕೆ ಹೋಗುವಾಗ ವಾರದ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಹೋಗುವುದು ಲೇಸು.

ಶಾಕಾಹಾರಿಗಳಾದ ನಮ್ಮ ಮನೆಗಳಲ್ಲಿ ನಾಯಿಗೂ ಶಾಕಾಹಾರವನ್ನೇ ಕೊಡಬಹುದೇ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ನಾಯಿ ಮಿಶ್ರಾಹಾರಿ, ಪೋಷಕಾಂಶಗಳನ್ನು ಲೆಕ್ಕ ಹಾಕಿ ಸಿದ್ಧಪಡಿಸಿದ ಶಾಕಾಹಾರದಿಂದ ಅದು ಬದುಕಬಲ್ಲುದು. ಬರಿಯ ಅನ್ನ ಹಾಲು ಮಾತ್ರ ಆ ಲೆಕ್ಕಕ್ಕೆ ಸಲ್ಲದು. ಆದುದರಿಂದ ಪಶುವೈದ್ಯರ ಸಲಹೆ ಇಲ್ಲದೆ ಅದನ್ನು ತಿಂಗಳುಗಟ್ಟಲೆ ಮುಂದುವರಿಸಬಾರದು. ಬೆಕ್ಕಿನ ಮಾತು ಬೇರೆ. ಟಾರಿನ್ ಎಂಬ ಅಂಶವನ್ನು ಅದು ಮಾಂಸಾಹಾರದಿಂದಲೇ ಪಡೆಯುವ ಪ್ರಾಣಿ. ನಮ್ಮ ವ್ರತ ನಮ್ಮದು. ಅದನ್ನು ಮೂಕಜೀವಿಯ ಮೇಲೆ ಹೇರಿ ಅದು ಸೊರಗುವಂತೆ ಮಾಡಿದರೆ ವ್ರತದ ಮೂಲವಾದ ದಯೆಗೇ ಲೋಪ ಬರುತ್ತದೆ. ಅಂಥ ಪ್ರಾಣಿಗೆ ತಕ್ಕ ಆಹಾರ ಕೊಡಲು ಮನಸ್ಸೊಪ್ಪದವರು ಅದನ್ನು ಸಾಕದಿರುವುದೇ ಯೋಗ್ಯ.

ಸಾಕುವುದೆಂದರೆ ಒಂದು ಜೀವದ ಅನ್ನದ ಹೊಣೆಯನ್ನು ಹೊರುವುದು. ಕೈಯಲ್ಲಿರುವ ತುತ್ತನ್ನು ನೋಡಿ, ಇದನ್ನು ನನ್ನ ಮಗುವಿನ ಎದುರಿಗಿಡಲು ಅಂಜುವೆನೇ ಎಂದು ಕೇಳಿಕೊಳ್ಳಿರಿ. ಕೊಳೆತಿದೆ, ಬೂಷ್ಟು ಹಿಡಿದಿದೆ, ಮೂಲ ತಿಳಿಯದು ಎಂಬ ಕಾರಣದಿಂದ ಅಂಜುವುದಾದರೆ ನಾಯಿಯ ತಟ್ಟೆಗೂ ಅದು ಬೀಳಕೂಡದು.