ಕಡಲ ತಳದ ಅನಿಲವೂ ಖಾತೆಯ ಜಮಾ ಬದಿಯೂ

ನೆಲದಡಿಯಲ್ಲಿ ನಿಧಿಯಿದೆಯೆಂದು ಸಾರುವವನ ಕೊರಳಿಗೆ ಹಾರ ಬೀಳುತ್ತದೆ. ಅದನ್ನು ಅಳೆದು ತೋರಿಸೆಂದು ಕೇಳುವವನಿಗೆ ಅಪಶಕುನ ನುಡಿಯುವವನೆಂಬ ಹೆಸರು ಬರುತ್ತದೆ. ಅನಿಲ ಅನ್ವೇಷಣೆಯ ಕಂಪನಿಗಳ ವಿಷಯದಲ್ಲಿ ಈ ಅನ್ಯಾಯ ಮತ್ತೆ ಮತ್ತೆ ನಡೆದಿದೆ. ಸಂಶಯಪಡುವ ಹೂಡಿಕೆದಾರನೇ ಸಮಾಜದ ನಿಜವಾದ ಹಿತೈಷಿಯೆಂಬುದಕ್ಕೆ ಕೃಷ್ಣಾ-ಗೋದಾವರಿ ಕೊಳ್ಳದ ಕಥೆಯೊಂದೇ ಸಾಕು.

2005ರ ಜೂನ್ ತಿಂಗಳಲ್ಲಿ ಗುಜರಾತಿನ ಅಂದಿನ ಮುಖ್ಯಮಂತ್ರಿ ನರೇಂದ್ರ ಮೋದಿಯವರು ಒಂದು ಮಹಾಘೋಷಣೆ ಮಾಡಿದರು. ರಾಜ್ಯ ಸರ್ಕಾರದ ಸಂಸ್ಥೆಯಾದ ಗುಜರಾತ್ ಸ್ಟೇಟ್ ಪೆಟ್ರೋಲಿಯಂ ಕಾರ್ಪೊರೇಷನ್, ಅಂದರೆ ಜಿಎಸ್‌ಪಿಸಿ, ಆಂಧ್ರದ ಕರಾವಳಿಯಾಚೆ 20 ಟಿಸಿಎಫ್, ಎಂದರೆ 20 ಲಕ್ಷ ಕೋಟಿ ಘನ ಅಡಿ ಅನಿಲವನ್ನು ಪತ್ತೆ ಮಾಡಿದೆ. ಅದರ ಬೆಲೆ 2 ಲಕ್ಷ ಕೋಟಿ ರೂಪಾಯಿಗೂ ಮಿಗಿಲು ಎಂಬುದು ಅದರ ಸಾರ. ಆ ಕ್ಷೇತ್ರಕ್ಕೆ ದೀನದಯಾಳ್ ಎಂಬ ಹೆಸರಾಯಿತು.

ಈ ಬ್ಲಾಕಿನಲ್ಲಿ ಜಿಎಸ್‌ಪಿಸಿಯ ಪಾಲು ಶೇ. 80. ಶೇ. 10ರ ಪಾಲುದಾರ ಜಿಯೋಗ್ಲೋಬಲ್ ರಿಸೋರ್ಸಸ್ ಕೆನಡಾದ ಕ್ಯಾಲ್ಗರಿಯಲ್ಲಿ ಕಚೇರಿಯಿದ್ದ ಪುಟ್ಟ ಕಂಪನಿ. ಅದರ ಷೇರು ಅಮೆರಿಕದ ಪೇಟೆಯಲ್ಲಿ ವಹಿವಾಟಾಗುತ್ತಿತ್ತು. ಒಪ್ಪಂದದಂತೆ ಅನ್ವೇಷಣೆಯ ಹಂತದಲ್ಲಿ ಅದರ ಪಾಲಿನ ಖರ್ಚನ್ನೂ ಜಿಎಸ್‌ಪಿಸಿಯೇ ಹೊರಬೇಕಿತ್ತು. ಘೋಷಣೆಯ ಗಾಳಿ ಬೀಸಿದೊಡನೆ ಜಿಯೋಗ್ಲೋಬಲ್ ಷೇರು ಹಲವು ಪಟ್ಟು ಏರಿತು. ಆಗ ಒಂದು ಘನ ಅಡಿ ಅನಿಲವೂ ಮಾರಾಟವಾಗಿರಲಿಲ್ಲ. ಬಾವಿ ಕೊರೆಯುವ ಗಂಡಾಂತರ ಗುಜರಾತಿನ ಪ್ರಜೆಗಳದು, ಪೇಟೆಯ ಏರಿಕೆಯ ಲಾಭ ಸಕಾಲದಲ್ಲಿ ಮಾರಿ ಹೊರಬಿದ್ದವರದು. ಇಂಥ ವ್ಯವಸ್ಥೆಯನ್ನು ಪ್ರಶ್ನಿಸುವುದು ಯಾವ ನ್ಯಾಯದಿಂದ ದ್ರೋಹವಾದೀತು?

ಜನರನ್ನು ಮರುಳುಗೊಳಿಸುವ ಆಟ ಪದಗಳಲ್ಲಿಯೇ ಅಡಗಿದೆ. ಬಂಡೆಯೊಳಗೆ ಇರಬಹುದೆಂದು ಅಂದಾಜಿಸಿದ ಅನಿಲ ಬೇರೆ, ಹೊರತೆಗೆಯಲು ಸಾಧ್ಯವಾದ ಅನಿಲ ಬೇರೆ, ಇಂದಿನ ಬೆಲೆಯಲ್ಲಿ ತೆಗೆದು ಮಾರಿದರೆ ಲಾಭ ಬರುವುದೆಂದು ಸಿದ್ಧಪಟ್ಟ ನಿಕ್ಷೇಪ ಬೇರೆ. ಅಮೆರಿಕದ ಷೇರುಪೇಟೆ ನಿಯಂತ್ರಕರು ಆ ಕಾಲದಲ್ಲಿ ಕಂಪನಿಗಳ ಅಧಿಕೃತ ದಾಖಲೆಗಳಲ್ಲಿ ಸಿದ್ಧಪಟ್ಟ ನಿಕ್ಷೇಪದ ಅಂಕಿಯನ್ನಷ್ಟೇ ಒಪ್ಪುತ್ತಿದ್ದುದು ಇದೇ ಕಾರಣಕ್ಕೆ. ವೇದಿಕೆಯ ಭಾಷಣಕ್ಕೆ ಅಂಥ ಕಟ್ಟಳೆಯಿಲ್ಲ.

ಮುಂದೆ ನಡೆದದ್ದು ದಾಖಲೆಯಲ್ಲಿದೆ. ದೀನದಯಾಳ್ ಪಶ್ಚಿಮ ಭಾಗಕ್ಕೆ 2009ರಲ್ಲಿ ಮಂಜೂರಾದ ಅಭಿವೃದ್ಧಿ ಯೋಜನೆಯಲ್ಲಿ ಹೊರತೆಗೆಯಬಹುದಾದ ಅನಿಲ ಸುಮಾರು 1 ಟಿಸಿಎಫ್ ಮಾತ್ರ. ಅತಿ ಒತ್ತಡ, ಅತಿ ಉಷ್ಣತೆ, ಅನಿಲವನ್ನು ಸುಲಭವಾಗಿ ಬಿಟ್ಟುಕೊಡದ ಬಿಗಿಯಾದ ಬಂಡೆ. ಹೀಗಾಗಿ ಪ್ರಾಯೋಗಿಕ ಉತ್ಪಾದನೆಗೇ 2014 ಬರಬೇಕಾಯಿತು. 2016ರ ಮಾರ್ಚಿನಲ್ಲಿ ಗುಜರಾತ್ ವಿಧಾನಸಭೆಯ ಮುಂದೆ ಬಂದ ಸಿಎಜಿ ವರದಿ, ಸಂಸ್ಥೆಯ ಮೇಲೆ ಸುಮಾರು 20 ಸಾವಿರ ಕೋಟಿ ರೂಪಾಯಿಯ ಸಾಲದ ಹೊರೆಯಿರುವುದನ್ನು ಎತ್ತಿ ತೋರಿತು. 2017ರಲ್ಲಿ ಓಎನ್‌ಜಿಸಿ ಆ ಶೇ. 80ರ ಪಾಲನ್ನು ಸುಮಾರು 120 ಕೋಟಿ ಡಾಲರ್ ತೆತ್ತು ಕೊಂಡಿತು. ಜಿಯೋಗ್ಲೋಬಲ್ ಷೇರು ಅಷ್ಟರೊಳಗೆ ಒಂದು ಡಾಲರಿಗಿಂತ ಕೆಳಗಿಳಿದು ನೆನಪಾಗಿ ಹೋಗಿತ್ತು. ಓಎನ್‌ಜಿಸಿಯ ಷೇರು ಹೊಂದಿರುವ ಸಣ್ಣ ಉಳಿತಾಯಗಾರನನ್ನು ಈ ಭಾರ ಹೊರುವೆಯಾ ಎಂದು ಯಾರೂ ಕೇಳಲಿಲ್ಲ.

ಸಾಹಸವಿಲ್ಲದೆ ಅನಿಲ ಸಿಗದು, ಹತ್ತು ಬಾವಿ ಒಣಗಿದ ಮೇಲೆ ಹನ್ನೊಂದನೆಯದು ಫಲಿಸಬಹುದು ಎಂಬ ವಾದವಿದೆ. ಆ ಮಾತು ದಿಟ. ಅನುಭವಿ ಕಂಪನಿಗಳ ಅಂದಾಜೂ ತಪ್ಪುತ್ತದೆ: ಅದೇ ಕೊಳ್ಳದ ರಿಲಯನ್ಸ್ ಕೆಜಿ-ಡಿ6ರಲ್ಲಿ ದಿನಕ್ಕೆ 8 ಕೋಟಿ ಘನ ಮೀಟರ್ ಅನಿಲದ ಯೋಜನೆಯಿದ್ದರೂ, 2010ರಲ್ಲಿ 6 ಕೋಟಿಯ ಆಸುಪಾಸು ಮುಟ್ಟಿದ ಉತ್ಪಾದನೆ ಬಳಿಕ ಕುಸಿಯಿತು. ಆದರೆ ಈ ಉದಾಹರಣೆಗಳು ಸಂಶಯಕ್ಕೇ ಸಾಕ್ಷಿ ನುಡಿಯುತ್ತವೆ. ಬಲ್ಲವರೇ ಎಡವುವ ದಾರಿಯಲ್ಲಿ ಅರಿಯದವನು ಕಣ್ಣು ಮುಚ್ಚಿ ನಡೆಯಬೇಕೆನ್ನುವುದು ಸಾಹಸದ ಹೆಸರಿನಲ್ಲಿ ಮಾಡುವ ವಂಚನೆ. ಗಂಡಾಂತರವನ್ನು ಗಂಡಾಂತರವೆಂದೇ ಹೇಳಿ ಹಣ ಕೇಳುವುದು ವ್ಯಾಪಾರ. ಅದನ್ನು ನಿಧಿಯೆಂದು ಹೇಳಿ ಕೇಳುವುದಕ್ಕೆ ಆ ಹೆಸರು ಸಲ್ಲದು.

ಮುಂಬೈ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ಅಂಗಡಿಯಿಟ್ಟು ಬದುಕು ಕಟ್ಟಿಕೊಂಡ ಮನೆತನಗಳಿಗೆ ಈ ಪಾಠ ಹೊಸದಲ್ಲ. ಬರಬೇಕಾದ ಹಣವನ್ನು ಬಂದ ಹಣವೆಂದು ಕಿರ್ದಿಯಲ್ಲಿ ಜಮಾ ಮಾಡುವ ಗುಮಾಸ್ತನನ್ನು ಯಾವ ಯಜಮಾನನೂ ಎರಡನೆಯ ದಿನ ಇಟ್ಟುಕೊಂಡವನಲ್ಲ. ಅದೇ ಮನೆತನಗಳ ಇಂದಿನ ಪೀಳಿಗೆ ಮೊಬೈಲಿಗೆ ಬಂದ ಒಂದು ಸಾಲನ್ನು ನಂಬಿ ಇಡೀ ವರ್ಷದ ಉಳಿತಾಯವನ್ನು ಅಪರಿಚಿತ ಅನಿಲ ಕಂಪನಿಯ ಷೇರಿಗೆ ಸುರಿಯುವುದಾದರೆ ಹಿರಿಯರು ಗಳಿಸಿಕೊಟ್ಟ ವಿವೇಕಕ್ಕೆ ಬೆಲೆಯೇನು? ಹೇಳುತ್ತಿರುವ ಅಂಕಿ ಅಂದಾಜೋ ಸಿದ್ಧಪಟ್ಟದ್ದೋ, ಬಾವಿ ಕೊರೆಯುವ ಖರ್ಚು ಯಾರದು, ಆ ಖರ್ಚಿಗಾಗಿ ಹೊಸ ಷೇರು ಎಷ್ಟು ಬಾರಿ ಹೊರಡಿಸಲಾಗಿದೆ, ಕಂಪನಿ ನಡೆಸುವವರು ತಮ್ಮ ಷೇರನ್ನು ಮಾರುತ್ತಿದ್ದಾರೆಯೇ ಎಂಬುದನ್ನು ಕೇಳಲು ಭೂವಿಜ್ಞಾನದ ಪದವಿ ಬೇಕಿಲ್ಲ. ಉತ್ತರ ಕೊಡಲು ಹಿಂಜರಿಯುವ ಕಂಪನಿಗೆ, ಅದರ ಬೆನ್ನಿಗೆ ಎಷ್ಟೇ ದೊಡ್ಡ ನಾಯಕರ ಮಾತಿರಲಿ, ಕೈಯೆತ್ತಿ ನಮಸ್ಕರಿಸಿ ಹಣದ ಪೆಟ್ಟಿಗೆಯನ್ನು ಮುಚ್ಚುವುದೇ ಗೃಹಸ್ಥನ ಕರ್ತವ್ಯ.